ಯೊರ್ದಾಂಕಾಳ ಕಪ್ಪು ಚೌಕಟ್ಟು

ಬೆಳಿಗ್ಗೆ ಬ್ರೆಡ್ ತರಲು ಹೊರಟ ಯೊರ್ದಾಂಕಾ ಬೇಕರಿಯ ಗೋಡೆಯ ಮುಂದೆ ನಿಲ್ಲದೆ ಹೋದವಳಲ್ಲ. ಅಲ್ಲಿ ಅಂಟಿಸಿದ ನಿಧನದ ಹಾಳೆಗಳನ್ನು ಒಂದೊಂದಾಗಿ ಓದಿ, ಶಿಲುಬೆಯ ಗುರುತು ಹಾಕಿಕೊಂಡು, "ದೇವರು ಕ್ಷಮಿಸಲಿ" ಎನ್ನುವಳು. ಹಿಮ ಬೀಳುತ್ತಿದ್ದರೂ ಅಷ್ಟೇ.

ಡ್ಯಾನ್ಯೂಬ್ ನದಿ ದಂಡೆಯ ನಮ್ಮ ಊರಿನಲ್ಲಿ ಸತ್ತವರ ಹಾಳೆ ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಗೋಡೆಗೆ ಬರುತ್ತದೆ. ಅವನ್ನು ಅಚ್ಚು ಹಾಕುತ್ತಿದ್ದ ಮುದ್ರಣಾಲಯದಲ್ಲಿ ಯೊರ್ದಾಂಕಾ ಅಕ್ಷರ ಜೋಡಿಸುತ್ತಿದ್ದಳು. ಅದು ಮುಚ್ಚಿದ ಮೇಲೆ ಊರಿನ ಸುದ್ದಿಯ ವೆಬ್‌ಸೈಟಿಗೆ ಸೇರಿದಳು. ಅಲ್ಲೂ ನಿಧನದ ಹಾಳೆ ಬರುತ್ತಿತ್ತು; ಹಳೆಯದನ್ನೇ ನಕಲು ಮಾಡಿ ಹೊಸ ಹೆಸರು ತುಂಬುವುದು ರೂಢಿ. ಒಮ್ಮೆ ಯಾರೋ ಅವಸರದಲ್ಲಿ, ತೀರಿಹೋದ ಬಡಗಿಯ ಫೋಟೋ ಕೆಳಗೆ "ನಮ್ಮ ಅಕ್ಕರೆಯ ಅಜ್ಜಿ" ಎಂದು ಹಾಗೇ ಉಳಿಸಿಬಿಟ್ಟರು. ಊರು ನಕ್ಕಿತು, ಬಡಗಿಯ ಹೆಂಡತಿ ಅತ್ತಳು.

ಅಂದೇ ಯೊರ್ದಾಂಕಾ ಶಾರ್ಟ್‌ಕೋಡ್, ಅಂದರೆ ಒಂದು ಪದ ಹಾಕಿದರೆ ಇಡೀ ಹಾಳೆಯನ್ನು ಮೂಡಿಸುವ ಸಣ್ಣ ಪ್ರೋಗ್ರಾಂ, ಬರೆಯಲು ಕೂತಳು. ಯಾರೂ ಕಲಿಸಲಿಲ್ಲ; ಕೆಡಿಸುತ್ತ, ಸರಿಪಡಿಸುತ್ತ ಕಲಿತಳು. ಕಡೆಗೆ, ಚೌಕ ಕಂಸದೊಳಗೆ "ಸ್ಮರಣೆ" ಎಂದು ಬರೆದು, ಪಕ್ಕದಲ್ಲಿ ಹೆಸರು, ತಾರೀಖು ಕೊಟ್ಟರೆ ಸಾಕು. ಕಪ್ಪು ಚೌಕಟ್ಟು, ಶಿಲುಬೆ, ನಲವತ್ತನೇ ದಿನದ ತಾರೀಖು ತಾವೇ ಮೂಡುತ್ತಿದ್ದವು. ಮುಸ್ಲಿಮರಿಗೆ ಹಸಿರು ಚೌಕಟ್ಟು, ಅರ್ಧಚಂದ್ರ. ಈ ಚೌಕಟ್ಟಿನೊಳಗೆ ಬೇರೇನೂ ಬರುವುದಿಲ್ಲವೆಂದು ಸತ್ತವರ ಮನೆಯವರಿಗೆಲ್ಲ ಅವಳು ಮಾತು ಕೊಟ್ಟಿದ್ದಳು.

ಕಳೆದ ಸಲ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಸೈಟಿನ ಮಾಲೀಕ ಪ್ಲಾಮೆನ್ ಅವಳ ಅಡುಗೆಮನೆಗೇ ಬಂದ. ನಾನು ಪಕ್ಕದ ಮನೆಯವಳು, ಅಲ್ಲೇ ಬೀನ್ಸ್ ಕಾಳು ಆರಿಸುತ್ತಿದ್ದೆ. ಊರಿನ ಚಿಕ್ಕವರಿಗೆಲ್ಲ ಯೊರ್ದಾಂಕಾ ಲೆಲ್ಯಾ, ಅಂದರೆ ಚಿಕ್ಕಮ್ಮ.

"ಲೆಲ್ಯಾ, ಸಣ್ಣ ಕೆಲಸ. ಶವಪೆಟ್ಟಿಗೆ ಅಂಗಡಿಯವ್ರು ಜಾಹೀರಾತು ಕೊಡ್ತಾರೆ. ನಿನ್ನ ಶಾರ್ಟ್‌ಕೋಡಲ್ಲಿ ಒಂದು ಸಾಲು ಸೇರ್ಸಿದ್ರೆ, ಹಳೇದು ಹೊಸದು ಎಲ್ಲಾ ಹಾಳೆಯೊಳಗೂ ಒಂದೇ ಏಟಿಗೆ ಬಂದ್ಬಿಡುತ್ತೆ."

"ಅದಕ್ಕೇ ಸೇರ್ಸಲ್ಲ. ಬೇಕಾದ್ರೆ ಅಡುಗೆ ಪುಟದಲ್ಲಿ ಹಾಕ್ಕೋ, ಉಪ್ಪಿನಕಾಯಿ ಪಕ್ಕ."

"ಸತ್ತೋರು ಎದ್ದು ಬಂದು ಜಗಳ ಆಡ್ತಾರಾ?"

"ಅವ್ರು ಬರಲ್ಲ. ನಾನಿದ್ದೀನಲ್ಲ!"

"ಬೇರೆಯವ್ರ ಕೈಲಿ ಮಾಡಿಸ್ತೀನಿ. ಆಮೇಲೆ ನಿನಗೆ ಕೆಲಸ ಇರಲ್ಲ, ನೋಡ್ಕೋ."

"ಮಾಡ್ಸು. ಅದರಲ್ಲಿ ಹಾಳೆ ಇರೋರ ಮನೆಮನೆಗೂ ನಾನೇ ಹೋಗಿ ಹೇಳ್ತೀನಿ. ನಿಮ್ಮಜ್ಜೀದೂ ಅಲ್ಲೇ ಇದೆ. ನಿಮ್ಮಮ್ಮನಿಂದ್ಲೇ ಶುರು ಮಾಡ್ತೀನಿ."

ಪ್ಲಾಮೆನ್ ಕುರ್ಚಿಯಲ್ಲಿ ಮಿಸುಕಾಡಿದ. ದನಿ ತಗ್ಗಿಸಿದ.

"ಹೋಗ್ಲಿ, ಲ್ಯುಬೆನ್ ಚಿಕ್ಕಪ್ಪನ ಹಾಳೆ ಒಂದನ್ನ ಬಿಟ್ಬಿಡೋಣ. ಜಾಹೀರಾತಿಲ್ದೆ, ಯಾವಾಗ್ಲೂ ಮೊದಲ ಪುಟದಲ್ಲೇ. ನಿನಗೋಸ್ಕರ."

ಲ್ಯುಬೆನ್ ಈಚೆಗೆ ತೀರಿಹೋದ ಅವಳ ಗಂಡ. ಅವನ ಆರು ತಿಂಗಳ ಹಾಳೆ ಇನ್ನೂ ಬಂದಿರಲಿಲ್ಲ. ನಾನು ಮನಸ್ಸಿನಲ್ಲೇ ದೇವಮಾತೆಯನ್ನು ನೆನೆದೆ.

"ಬೇಡಪ್ಪ," ಎಂದಳು ಯೊರ್ದಾಂಕಾ. "ಅವನು ಎಲ್ಲರ ಸಾಲಲ್ಲೇ ಇರ್ತಾನೆ. ಕಾಫಿ ಆರ್ತಿದೆ, ಕುಡಿದು ಹೊರಡು."