ಇವರ ಮುಂದೆ ಅವರ ಹೆಸರು

ಈಗ ತಾನೆ ಒಂದು ಸುಳ್ಳು ಹೇಳಿ ಹೊರಗೆ ಬಂದು ಕೂತಿದ್ದೇನೆ. ಮಂಡ್ಯದ ಈ ಆಸ್ಪತ್ರೆಯ ತುಂಬಾ ಸ್ಪಿರಿಟ್ಟಿನ ವಾಸನೆ. ಒಳಗಿರುವ ಹುಡುಗಿ ಡಾಕ್ಟರು, "ಅಜ್ಜಿ, ಮಂಡಿನೋವಿಗೆ ಬೇರೆ ಯಾರ ಹತ್ರನಾದ್ರೂ ತೋರಿಸ್ತಿದ್ದೀರಾ?" ಎಂದಳು. "ಇಲ್ಲ ಕಣವ್ವ, ನಿನ್ನನ್ನೇ ನಂಬ್ಕೊಂಡಿವ್ನಿ" ಎಂದೆ. ಮಡಿಲಲ್ಲಿದ್ದ ಚೀಲದೊಳಗೆ ಇನ್ನೊಬ್ಬ ಡಾಕ್ಟರ ಮಾತ್ರೆ ಡಬ್ಬಿ ಗಲಗಲ ಅಂದಿತು. ಕೆಮ್ಮಿ ಮುಚ್ಚಿದೆ. ರಕ್ತಪರೀಕ್ಷೆ ಚೀಟಿ ಬರುವವರೆಗೆ ಕಾಯಬೇಕಂತೆ. ಮೊಮ್ಮಗಳು ಹೇಳಿಕೊಟ್ಟ ಫೋನಿನಲ್ಲಿ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. 'ಳ' ಹುಡುಕುವಷ್ಟರಲ್ಲಿ ಒಂದು ಸೇರು ಅವರೆಕಾಯಿ ಸುಲಿಯಬಹುದು.

ನಿಜ ಹೇಳಬೇಕೆಂದರೆ ಈ ಸುಳ್ಳು ನನ್ನದಲ್ಲ, ಎರವಲು ತಂದದ್ದು. ನಮ್ಮ ಜಯಕ್ಕನ ಅತ್ತೆ ಪುಟ್ಟತಾಯಮ್ಮನದು.

ಎಪ್ಪತ್ತರ ದಶಕ. ಅಕ್ಕನನ್ನು ಮಳವಳ್ಳಿಯಿಂದ ಮದ್ದೂರಿಗೆ ಕೊಟ್ಟು ವರ್ಷ ತುಂಬಿರಲಿಲ್ಲ. ಮೊದಲು ಬೆರಳ ಗಂಟುಗಳೆಲ್ಲ ನೋವು. ಬೆಳಗ್ಗೆ ಎದ್ದರೆ ಚೊಂಬು ಹಿಡಿಯಲಾಗದು. ಆಮೇಲೆ ಬಿಸಿಲಿಗೆ ಹೋಗಿ ಬಂದರೆ ಎರಡೂ ಕೆನ್ನೆ ಕೆಂಪು. ಕೂದಲು ಹಿಡಿಹಿಡಿಯಾಗಿ ಉದುರಿತು. ನೋಡಿಕೊಳ್ಳಲು ನನ್ನನ್ನು ಕಳಿಸಿದರು. ಕಾಯಿಲೆಯವರನ್ನು ನಗಿಸುವುದು ಬಿಟ್ಟರೆ ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಗಂಟುನೋವಿಗೆ ಮದ್ದೂರಿನ ಡಾಕ್ಟರು, ಕೆನ್ನೆಗೆ ಮಂಡ್ಯದ ಚರ್ಮದ ಡಾಕ್ಟರು. ಪುಟ್ಟತಾಯಮ್ಮನ ಅಪ್ಪಣೆ ಒಂದೇ: "ಇವ್ರ ಮುಂದೆ ಅವ್ರ ಎಸ್ರು ಎತ್ಬ್ಯಾಡಿ ಕಣ್ರವ್ವ. ಎಣ್ಣು ನೋಡಕ್ ಬಂದೋರ್ ತಾವ 'ನೆನ್ನೆ ಇನ್ನೊಬ್ರು ನೋಡ್ಕೊಂಡೋದ್ರು' ಅಂತೀವಾ? ಬ್ಯಾಸರ ಮಾಡ್ಕೊಂಡು ಕೈ ಬುಟ್ಬುಡ್ತಾರೆ."

ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ, ಮರ್ಯಾದೆಗೆ ಹೇಳಿದ್ದು. ಮಂಡ್ಯದ ಬಸ್ಸು ಹತ್ತುವ ಮೊದಲು ಮದ್ದೂರಿನ ಮಾತ್ರೆಗಳು ಆಯಮ್ಮನ ಸೆರಗಿನ ಗಂಟು ಸೇರುತ್ತಿದ್ದವು. ವಾಪಸು ಬರುವಾಗ ಮಂಡ್ಯದ ಮುಲಾಮೂ ಅಲ್ಲಿಗೇ. ಹಾಗಾಗಿ ಒಬ್ಬ ಡಾಕ್ಟರು ಬೆರಳ ಗಂಟು ಮಾತ್ರ ಕಂಡರು, ಇನ್ನೊಬ್ಬರು ಕೆನ್ನೆ ಮಾತ್ರ. ಜಯಕ್ಕನನ್ನು ಇಡಿಯಾಗಿ ಕಂಡವರು ಯಾರೂ ಇಲ್ಲ.

ಪಾದ ಊದಿ ಚಪ್ಪಲಿ ಹಿಡಿಸದಾದಾಗ ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಹಿರಿಯ ಡಾಕ್ಟರು ಅಕ್ಕನ ಕಾಲನ್ನು ಹೆಬ್ಬೆರಳಲ್ಲಿ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ನಿಂತಿತು.

"ಮೊದಲು ಯಾರು ನೋಡಿದ್ರು?"

"ಯಾರೂ ಇಲ್ಲ ಸಾಮಿ, ನೀವೇ ಮೊದ್ಲು" ಎಂದರು ಪುಟ್ಟತಾಯಮ್ಮ.

"ಏನು ಮಾತ್ರೆ ನುಂಗಿದ್ದಾಳೆ? ಮೂತ್ರಪಿಂಡಕ್ಕೆ ಏಟು ಬಿದ್ದಿರೋ ಹಾಗಿದೆ. ಗೊತ್ತಿಲ್ಲದೆ ನಾನು ಇನ್ನೊಂದು ಕೊಟ್ಟರೆ ಅಪಾಯ."

ಪುಟ್ಟತಾಯಮ್ಮ ಸೆರಗಿನ ಗಂಟನ್ನು ಇನ್ನಷ್ಟು ಒಳಕ್ಕೆ ಸಿಕ್ಕಿಸಿಕೊಂಡರು. ಆಗ, ಆ ಮನೆಗೆ ಬಂದ ಮೇಲೆ ಅತ್ತೆಗೆ ಎದುರಾಡದ ಜಯಕ್ಕ ಮೆಲ್ಲಗೆ ಕೇಳಿದಳು: "ಅತ್ತೆ, ನಾನ್ ಸತ್ರೆ ಅವ್ರಿಗೆ ಬ್ಯಾಸರ ಆಗಕಿಲ್ವಾ?"

ಪುಟ್ಟತಾಯಮ್ಮ ಸೆರಗಿನ ಗಂಟು ಬಿಚ್ಚಿ ಎಲ್ಲವನ್ನೂ ಮೇಜಿನ ಮೇಲೆ ಸುರಿದರು.

ಅಕ್ಕನನ್ನು ಅಲ್ಲೇ ಸೇರಿಸಿಕೊಂಡರು. ಮೂತ್ರಪಿಂಡದವರು ಬಂದರು, ಚರ್ಮದವರು ಬಂದರು, ರಕ್ತ ತೆಗೆಯುವವರು ಬಂದರು. ಮಂಚದ ಸುತ್ತ ಬಿಳಿ ಕೋಟುಗಳು ಕೊಕ್ಕರೆ ಬೆಳ್ಳೂರಿನ ಮರದ ಹಕ್ಕಿಗಳಂತೆ ತುಂಬಿದ್ದು ಕಂಡು ಪುಟ್ಟತಾಯಮ್ಮ ಹಿರಿಯ ಡಾಕ್ಟರ ಕೋಟು ಹಿಡಿದರು. "ಇಷ್ಟ್ ಜನ ಯಾಕ್ ಸಾಮಿ? ಬದ್ಕಾಕಿಲ್ಲ ಅಂತಲಾ?"

"ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಅಂತ. ಲೂಪಸ್ ಅಂತ ಕಾಯಿಲೆ ಇದು, ಮೈ ಕಾಯೋ ಶಕ್ತಿನೇ ಮೈ ಮೇಲೆ ತಿರುಗಿ ಬೀಳೋದು. ಹಕ್ಕಿ ಓಡಿಸೋಕೆ ಹೊಲಕ್ಕೆ ಇಟ್ಟವನು ಮನೆಯವರಿಗೇ ಕವಣೆಕಲ್ಲು ಬೀಸ್ತಾ ಇದ್ದಾನೆ, ಹಾಗೆ."

"ಅಂಗಾರೆ ಅವನ್ನ ಕೆಲ್ಸದಿಂದ ಬುಡ್ಸಿ ಸಾಮಿ!"

"ಬಿಡಿಸಿದ್ರೆ ಹೊಲ ಕಾಯೋರು ಯಾರಮ್ಮ? ಅವನ ಕೈ ತಡೆಯೋ ಮಾತ್ರೆ ಕೊಡ್ತೀವಿ. ನಮ್ಮನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಬಿ.ಪಿ., ಮೂತ್ರ ಮದ್ದೂರಿನ ಡಾಕ್ಟರು ನೋಡಲಿ. ಇವಳು ಬಿಸಿಲಿಗೆ ಹೋಗದ ಹಾಗೆ ನೀವು ನೋಡ್ಕೊಳ್ಳಿ. ನೀವೂ ನಮ್ಮೊಳಗೆ ಒಬ್ಬರು. ಬದುಕ್ತಾಳೆ ಅಂತ ಇವತ್ತು ನಾನು ಮಾತು ಕೊಡಲಾರೆ."

ಲೂಪಸ್ ಎನ್ನುವ ಹೆಸರು ಪುಟ್ಟತಾಯಮ್ಮನ ಬಾಯಲ್ಲಿ ನಿಲ್ಲಲೇ ಇಲ್ಲ. ಕೊನೆವರೆಗೂ 'ಕವಣೆ ಕಾಯ್ಲೆ'. ಆದರೆ ಮೈಸೂರಿನವರು ಹೇಳಿದ್ದನ್ನು ಮದ್ದೂರಿಗೆ, ಮದ್ದೂರಿನವರು ಹೇಳಿದ್ದನ್ನು ಮಂಡ್ಯಕ್ಕೆ, ಒಂದಕ್ಷರ ಬಿಡದೆ, ಬೀಗರ ಮನೆ ಸುದ್ದಿಯಷ್ಟೇ ಹುರುಪಿನಿಂದ ಮುಟ್ಟಿಸುತ್ತಿದ್ದರು. ಮಾತ್ರೆಗೆ ಅಕ್ಕನ ಮುಖ ಗುಂಡಗಾಯಿತು. "ಸೊಸೆ ಮೈ ತುಂಬ್ಕೊಂಡವ್ಳೆ, ಇನ್ನ್ಯಾಕ್ ಮಾತ್ರೆ? ನಿಲ್ಸು" ಎಂದಳು ಪಕ್ಕದ ಮನೆಯವಳು.

"ನೀನ್ಯಾವ ಊರ್ ಡಾಕ್ಟ್ರು ಕಣಮ್ಮ? ಕೂತ್ಕೊ, ಉಳಿದೋರ್ನೆಲ್ಲ ಕೇಳ್ಕೊಂಡ್ ಬತ್ತೀನಿ!" ಎಂದರು ಪುಟ್ಟತಾಯಮ್ಮ.

ದಿನಾ ಬೆಳಗ್ಗೆ ಆಯಮ್ಮ ಜಯಕ್ಕನ ಪಾದವನ್ನು ಹೆಬ್ಬೆರಳಲ್ಲಿ ಒತ್ತುತ್ತಿದ್ದರು. ಗುಳಿ ನಿಲ್ಲುತ್ತಿತ್ತು. ಎದ್ದು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತಿದ್ದೆವು. ಹಲವು ತಿಂಗಳು ಹೀಗೇ. ಒಂದು ಬೆಳಗ್ಗೆ ಒತ್ತಿ ಬೆರಳು ತೆಗೆದರು; ಚರ್ಮ ಮೇಲೆದ್ದು ಸಮವಾಯಿತು. ನಂಬದೆ ಇನ್ನೊಂದು ಕಾಲನ್ನು ಒತ್ತಿದರು. ಆಮೇಲೆ ಮಗನನ್ನು ಕೂಗಿದರು: "ಲೇ, ಬಾರ್ಲಾ ಇಲ್ಲಿ! ಗುಳಿ ನಿಲ್ನಿಲ್ಲ ಕಣ್ಲಾ!" ಸೊಸೆಯ ಪಾದ ಹಿಡಿದುಕೊಂಡೇ ಅತ್ತರು.

ಜಯಕ್ಕ ಇವತ್ತಿಗೂ ಮದ್ದೂರಿನಲ್ಲಿ, ಮೋಡವಿದ್ದರೂ ಕೊಡೆ ಹಿಡಿದೇ ಓಡಾಡುತ್ತಾಳೆ.

ಚೀಟಿ ಬಂತಂತೆ, ಒಳಗಿಂದ ನನ್ನ ಹೆಸರು ಕೂಗುತ್ತಿದ್ದಾರೆ. ಚೀಲದ ಬಾಯಿ ಬಿಚ್ಚಿ ಇಟ್ಟುಕೊಂಡಿದ್ದೇನೆ. ಹೇಳಬೇಕಾದ್ದನ್ನು ಇಲ್ಲೇ ಒಮ್ಮೆ ಕುಟ್ಟಿ ನೋಡುತ್ತೇನೆ: "ಇನ್ನೊಬ್ರು ಅವ್ರೆ ಕಣವ್ವ. ಬ್ಯಾಸರ ಆದ್ರೆ ಆಗ್ಲಿ, ಅವ್ರ ಮಾತ್ರೆನೂ ಒಸಿ ನೋಡ್ಬುಡು."