ಊರಿಗೆ ಹೋದವರ ಬೆನ್ನಿಗೆ ತಲೆಸ್ನಾನ

ಬೆವರಿನಲ್ಲಿ ನೆಂದ ಗುಂಗುರು ಕೂದಲಿಗೆ ಒಂದು ವಾಸನೆಯಿದೆ. ಮಳೆಗಾಲದಲ್ಲಿ ಮೂರು ದಿನವಾದರೂ ಒಣಗದೆ ಹಗ್ಗದ ಮೇಲೆ ಉಳಿದ ಚಾದರದ ವಾಸನೆ ನಿಮಗೆ ಗೊತ್ತಿದ್ದರೆ ಇದೂ ಗೊತ್ತು ಅಂತಲೇ ತಿಳಿಯಿರಿ. ಕಳೆದ ತಿಂಗಳು ಪುಣೆಯ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಬೆಳಗಿನ ವ್ಯಾಯಾಮದ ಕ್ಲಾಸು ಮುಗಿಸಿ ಲಿಫ್ಟಿನಲ್ಲಿ ನಿಂತಾಗ ಅದು ಮೂಗಿಗೆ ಬಡಿಯಿತು. ನನ್ನದೇ ಇರಬೇಕೆಂದು ನಾಚಿಕೊಂಡು ಮೂಲೆಗೆ ಸರಿದೆ. ನೋಡಿದರೆ ಪಕ್ಕದ ಹುಡುಗಿಯದೂ ಪಾಲಿತ್ತು. ಮೈಸೂರಿನವಳು, ಹಿಂಜವಡಿಯ ಐಟಿ ಕಂಪನಿಯಲ್ಲಿ ಕೆಲಸ, ನಮ್ಮ ಮೇಲಿನ ಮಹಡಿಗೆ ಬಾಡಿಗೆಗೆ ಬಂದು ಎರಡು ತಿಂಗಳಾಗಿತ್ತು. ಅವಳ ಕೂದಲೂ ನನ್ನದರ ಹಾಗೇ, ಎಳೆದು ಬಿಟ್ಟರೆ ವಾಪಸು ಸುತ್ತಿಕೊಳ್ಳುವ ಜಾತಿಯದು.

"ಆಂಟಿ, ಡೈಲಿ ವರ್ಕೌಟ್ ಮಾಡ್ತೀರಲ್ಲ, ವೀಕಲ್ಲಿ ಎಷ್ಟ್ ಸಲ ಹೇರ್‌ವಾಶ್ ಮಾಡ್ತೀರಾ?" ಎಂದು ಕೇಳಿದಳು.

ಎರಡು ಸಲ ಅಂದೆ. ಲಿಫ್ಟು ನಾಲ್ಕನೆಯ ಮಹಡಿಗೆ ಬರುವುದರೊಳಗೆ ಹೇಳಬಹುದಾದ ಉತ್ತರ ಅದೊಂದೇ. ನಿಜವಾದ ಉತ್ತರ ಬೇರೆ ಇದೆ. ಮನೆಯಿಂದ ಯಾರೂ ಪರವೂರಿಗೆ ಹೊರಡದ ದಿನ ನಾನು ತಲೆ ಎರೆದುಕೊಳ್ಳುತ್ತೇನೆ. ಹೊರಟಿದ್ದರೆ, ಮುಟ್ಟಿದೆವು ಎಂದು ಅವರು ಫೋನು ಮಾಡಿದ ಮೇಲೆ ಎರೆದುಕೊಳ್ಳುತ್ತೇನೆ. ಇದನ್ನು ಆ ಹುಡುಗಿಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದಳು. ನಗಲಿ, ನಾನೂ ಬಿ.ಕಾಂ. ಓದಿದವಳೇ, ಇಪ್ಪತ್ತು ವರ್ಷದಿಂದ ಬ್ಯಾಂಕಿನ ಕುರ್ಚಿಯಲ್ಲಿ ಕೂತು ಮಂದಿಗೆ ಬುದ್ಧಿ ಹೇಳಿದವಳೇ. ಆದರೂ ನನಗೆ ಹೆದರಿಕೆ. ಡಿಗ್ರಿ ಸರ್ಟಿಫಿಕೇಟು ತೋರಿಸಿದರೆ ಓಡಿಹೋಗುವ ಹೆದರಿಕೆ ಅಲ್ಲ ಇದು.

ನಿಮಗಾದರೆ ಪುರುಸೊತ್ತಿದೆ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಏಳು ವರ್ಷದ ಹಿಂದೆ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ, ದಿನಾ ಬೆವರು ಸುರಿಸಿ ಅಂದರು. ಸುರಿಸಿದೆ. ಬೆವರಿಗೇನು ಕಡಿಮೆ, ನನ್ನ ಮೈಯಲ್ಲಿ ಅದು ಮೊದಲು ಏರುವುದೇ ನೆತ್ತಿಗೆ. ಗುಂಗುರು ಕೂದಲಿನವರ ಕಷ್ಟ ನೆಟ್ಟನೆಯ ಕೂದಲಿನವರಿಗೆ ತಿಳಿಯುವುದಿಲ್ಲ. ಅವರ ನೆತ್ತಿಯ ಜಿಡ್ಡು ಸರಾಗವಾಗಿ ತುದಿಯವರೆಗೆ ಇಳಿಯುತ್ತದಂತೆ, ನಮ್ಮದು ಮೊದಲ ತಿರುವಿನಲ್ಲೇ ಸುಸ್ತಾಗಿ ಕೂತುಬಿಡುತ್ತದೆ. ಹೀಗಾಗಿ ದಿನಾ ಶಾಂಪೂ ಹಾಕಿದರೆ ಕೂದಲು ತೆಂಗಿನ ನಾರು. ಹಾಕದಿದ್ದರೆ ಬೆವರು ಒಳಗೇ ಕೊಳೆತು ಬುಡದಲ್ಲಿ ತುರಿಕೆ, ಗುಳ್ಳೆ. ನನಗೆ ಗುಳ್ಳೆಗಳೇ ಎದ್ದವು. ಚರ್ಮದ ಡಾಕ್ಟರಮ್ಮ ವಾರಕ್ಕೆರಡು ಸಲ ಶಾಂಪೂ, ಉಳಿದ ದಿನ ಕ್ಲಾಸು ಮುಗಿದ ಕೂಡಲೇ ಬರೀ ನೀರು ಹಾಕಿ ಬೆವರು ತೊಳೆಯಿರಿ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ತಂದು ನನ್ನ ಅತ್ತೆಯ ಮುಂದೆ ಓದಿದೆ.

ಅತ್ತೆ ಜಮಖಂಡಿಯವರು. ಮದುವೆಯಾಗಿ ಪುಣೆಗೆ ಬಂದು ಐವತ್ತು ವರ್ಷ ಕಳೆದಿದ್ದರೂ ಮರಾಠಿಯನ್ನೂ ಜಮಖಂಡಿಯ ರಾಗದಲ್ಲೇ ಆಡುತ್ತಿದ್ದರು. ನಮ್ಮ ಮನೆಯಲ್ಲಿ ಹೆಂಗಸರು ತಲೆ ಎರೆದುಕೊಳ್ಳುವ ದಿನ ಮಂಗಳವಾರ ಮತ್ತು ಶುಕ್ರವಾರ. ಇದರ ಮೇಲೆ ದೊಡ್ಡ ಜಗಳವೇ ಆಗುತ್ತದೆಂದು ಸಿದ್ಧಳಾಗಿ ಹೋಗಿದ್ದೆ. ಅವರು ಒಂದೇ ಮಾತಿನಲ್ಲಿ ವಾರಗಳನ್ನೆಲ್ಲ ಬಿಟ್ಟುಕೊಟ್ಟರು. ಬೆವರು ಬಂದರೆ ತೊಳೆದುಕೊಳ್ಳಲೇಬೇಕು, ದೇವರಿಗೇನು ಅಷ್ಟೂ ತಿಳಿಯುವುದಿಲ್ಲವೇ ಅಂದರು. ಒಂದು ನಿಯಮವನ್ನು ಮಾತ್ರ ಬಿಡಲಿಲ್ಲ. ಮನೆಯವರು ಊರಿಗೆ ಹೊರಟ ಬೆನ್ನಿಗೆ ತಲೆಗೆ ನೀರು ಹಾಕಿಕೊಳ್ಳಬಾರದು. ಹೆಣ ಎತ್ತಿದ ಮೇಲೆ ಮಾಡುವ ಕೆಲಸ ಅದು. ಬದುಕಿದವರು ಹೊಸ್ತಿಲು ದಾಟಿದ ಕೂಡಲೇ ಅದನ್ನು ಮಾಡಿದರೆ ಹೋದವರು ಹೋದವರೇ ಆಗುತ್ತಾರೆ.

ಬರೀ ನೀರಾದರೂ? ಬರೀ ನೀರಾದರೂ.

ಇದರ ಮೇಲೆ ನಮ್ಮಿಬ್ಬರ ನಡುವೆ ಎಷ್ಟೋ ದಿನ ವಾದ ನಡೆಯಿತು. ನನ್ನ ಗಂಡ ದಿನಾ ಬೆಳಿಗ್ಗೆ ಆರೂವರೆಗೆ ಚಾಕಣದ ಕಾರ್ಖಾನೆಗೆ ಬಸ್ಸು ಹತ್ತುತ್ತಾರೆ, ನನ್ನ ಕ್ಲಾಸು ಮುಗಿಯುವುದು ಏಳಕ್ಕೆ. ಚಾಕಣ ಊರಾದರೆ ನನ್ನ ತಲೆಯ ಗತಿಯೇನು? ಚಾಕಣ ಊರಲ್ಲ, ಸಂಜೆಗೆ ಡಬ್ಬಿ ವಾಪಸು ಬರುತ್ತದೆ ಎಂದು ತೀರ್ಪಾಯಿತು. ಸಾಸವಡಕ್ಕೆ ಪಾಲಖಿ ಮೆರವಣಿಗೆ ನೋಡಲು ಹೋದರೆ ಅದೂ ಊರಲ್ಲ, ದೇವರ ಕೆಲಸ. ಲೋಣಾವಳಾ ಊರೇ, ಯಾಕೆಂದರೆ ಅಲ್ಲಿ ಮುಂಬಯಿಗೆ ಇಳಿಯುವ ಘಾಟಿನ ರಸ್ತೆ ಇದೆ. ನಾನು ಒಳಗೊಳಗೇ ನಗುತ್ತಿದ್ದೆ. ಒಮ್ಮೆ, ಹಾಗೆ ಮಾಡಿ ಯಾರಿಗಾದರೂ ಏನಾದರೂ ಆಗಿದೆಯೇ, ನೀವು ಕಂಡಿದ್ದೀರಾ ಎಂದು ಕೇಳಿದೆ. ಅವರ ಮನಸ್ಸಿನಲ್ಲಿ ಏನೋ ದೊಡ್ಡ ದುಃಖದ ಕತೆ ಇರಬೇಕು, ಇವತ್ತು ಹೊರಬರುತ್ತದೆ ಅಂದುಕೊಂಡಿದ್ದೆ.

"ಏನೂ ಆಗಿಲ್ಲವಾ," ಅಂದರು ಅತ್ತೆ. "ಆಗೂದು ಹೆಂಗ? ನಾ ಎಂದೂ ಹಂಗ ಮಾಡೇ ಇಲ್ಲ."



ಮರುವರ್ಷದ ಮಳೆಗಾಲ. ನನ್ನ ಮಗಳು ಮೇಘಾಳಿಗೆ ಆಗ ಇಪ್ಪತ್ತು. ಕಾಲೇಜಿನ ಗೆಳತಿಯರ ಜೊತೆ ಮುಂಬಯಿಗೆ ಏನೋ ಸ್ಪರ್ಧೆಗೆ ಹೊರಟಿದ್ದಳು, ಬಸ್ಸಿನಲ್ಲಿ. ಬುಧವಾರ. ನಾನು ಕ್ಲಾಸಿನಿಂದ ಓಡಿ ಬಂದು ಅವಳ ಅಂಗೈಗೆ ಮೊಸರು ಸಕ್ಕರೆ ಹಾಕಿದೆ. ನೆಕ್ಕಿ, ಅಜ್ಜಿಯ ಕಾಲು ಮುಟ್ಟಿ, ಏಳೂಕಾಲಿಗೆ ಹೊರಬಿದ್ದಳು. ಅತ್ತೆ ದೇವರ ಮುಂದೆ ಕೂತರು. ನನ್ನ ನೆತ್ತಿ ಉರಿಯುತ್ತಿತ್ತು, ಹಿಂದಿನ ವಾರವಷ್ಟೇ ಇನ್ನೆರಡು ಗುಳ್ಳೆ ಎದ್ದಿದ್ದವು. ನನ್ನ ಕೂದಲು ಒಣಗಲು ಎರಡು ತಾಸು ಬೇಕು, ಒಂಬತ್ತೂವರೆಗೆ ಬ್ಯಾಂಕಿನಲ್ಲಿರಬೇಕು. ಬಚ್ಚಲಿಗೆ ಹೋದೆ.

ಮರೆತು ಹೋದೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಮುಂಬಯಿಗೆ ದಿನಾ ಹೋಗಿ ಬರುವವರಿದ್ದಾರೆ, ಅದೂ ಒಂದು ಚಾಕಣವೇ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡು ಎರಡು ತಂಬಿಗೆ ಸುರಿದುಕೊಂಡೆ, ಶಾಂಪೂವನ್ನೂ ತಿಕ್ಕಿದೆ. ನೊರೆ ಎದ್ದ ಮೇಲೆ ಕೈ ನಿಂತಿತು. ಅವಳಿನ್ನೂ ರಿಕ್ಷಾ ಇಳಿದಿರಲಿಕ್ಕಿಲ್ಲ ಎಂಬ ಲೆಕ್ಕ ಆಗ ತಲೆಗೆ ಬಂತು. ಅರ್ಧಕ್ಕೆ ಬಿಟ್ಟರೆ ಅರ್ಧ ತಪ್ಪೋ, ಪೂರ್ತಿಯೋ? ನೊರೆ ಹೊತ್ತುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೊನೆಗೆ ತೊಳೆದುಕೊಂಡೆ, ಇನ್ನೇನು ಮಾಡುವುದು.

ಹೊರಗೆ ಬಂದಾಗ ಅತ್ತೆ ಊದಿನಕಡ್ಡಿ ಹಿಡಿದು ನಿಂತಿದ್ದರು. ನನ್ನ ತಲೆಯ ಟವೆಲು ನೋಡಿದರು. ಆಕೆ ಹೊರಟು ಎಷ್ಟು ಹೊತ್ತಾಯಿತು ಎಂದು ಕೇಳಿದರು. ಇಪ್ಪತ್ತು ನಿಮಿಷ ಅಂದೆ. ಬೈಯುತ್ತಾರೆಂದು ಕಾದೆ. ಅವರು ಹೋಗಿ ಕುರ್ಚಿಯಲ್ಲಿ ಕೂತರು.

ಒಂಬತ್ತಕ್ಕೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದರು. ಘಾಟಿನಲ್ಲಿ ಗುಡ್ಡ ಜರಿದಿದೆ, ರಸ್ತೆ ಬಂದ್, ಮುಂಬಯಿ ಕಡೆ ಹೋಗುವವರು ಹೊರಡಬೇಡಿ. ಮೇಘಾಳಿಗೆ ಫೋನು ಹಚ್ಚಿದೆ. ಸಂಪರ್ಕ ಆಗುತ್ತಿಲ್ಲ ಎಂದು ಮರಾಠಿಯಲ್ಲಿ ಒಬ್ಬ ಹೆಂಗಸು ಹೇಳಿದಳು. ಮತ್ತೆ ಹಚ್ಚಿದೆ, ಅವಳೇ ಹೇಳಿದಳು. ಗೆಳತಿಯರ ನಂಬರುಗಳಿಗೂ ಅವಳೇ. ಬ್ಯಾಂಕಿಗೆ ಬರುವುದಿಲ್ಲವೆಂದು ತಿಳಿಸಿ ಟಿವಿ ಮುಂದೆ ಕೂತೆ. ಕೆಸರು, ಕಲ್ಲು, ಒಂದು ಬಸ್ಸಿನ ಹಿಂಭಾಗ. ಅದೇ ಬಸ್ಸಿನ ಹಿಂಭಾಗವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಬಣ್ಣ ಕೆಂಪೋ ಕೇಸರಿಯೋ ತಿಳಿಯಲಿಲ್ಲ. ಅವಳು ಹತ್ತಿದ ಬಸ್ಸಿನ ಬಣ್ಣ ನನಗೆ ಗೊತ್ತೂ ಇರಲಿಲ್ಲ. ನನ್ನ ಕೂದಲು ಇನ್ನೂ ಒಣಗಿರಲಿಲ್ಲ, ಬೆನ್ನೆಲ್ಲ ಒದ್ದೆಯಾಗಿತ್ತು. ಒಣಗಿಸಿಕೊಳ್ಳಲು ಧೈರ್ಯವಾಗಲಿಲ್ಲ. ಒಣಗಿಸಿದರೆ ಎರೆದುಕೊಂಡದ್ದು ಪೂರ್ತಿಯಾದ ಹಾಗೆ ಅನ್ನಿಸಿತು. ಗಂಡನಿಗೆ ಹೇಳಲೂ ಇಲ್ಲ. ಹೇಳಿದರೆ ತಲೆಯ ವಿಷಯವನ್ನೂ ಹೇಳಿಬಿಡುತ್ತೇನೆ ಎಂಬ ಭಯ.

ಹತ್ತೂವರೆಗೆ ಅತ್ತೆ ಎದ್ದರು. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯ ಬಟ್ಟಲು ಬೆಚ್ಚಗೆ ಮಾಡಿ ತಂದು ನನ್ನ ಕಾಲ ಬಳಿ ಇಟ್ಟು, ತಾವೂ ನೆಲಕ್ಕೆ ಕೂತರು.

"ನನ್ನ ತಲೀಗೆ ಹಚ್ಚವಾ. ನಾನೂ ಎರಕೋತೀನಿ, ನೀನೂ ಇನ್ನೊಮ್ಮೆ ಎರಕೋ. ಎಣ್ಣಿ ಹಚ್ಚಿ ಎರಕೊಂಡ್ರ ಅದು ಹಬ್ಬದ ಜಳಕ. ಸಾವಿನ ಮನ್ಯಾಗ ಎಣ್ಣಿ ಯಾರು ಹಚ್ಚಿಕೋತಾರ?"

ಅವರಿಗೆ ಎಪ್ಪತ್ತಾರು ವರ್ಷ, ದಮ್ಮು. ಮಳೆಗಾಲದಲ್ಲಿ ತಲೆಗೆ ನೀರು ತಾಗಿಸಲೇಬಾರದು ಎಂದು ಡಾಕ್ಟರು ಹೇಳಿದ್ದರು, ನಾನೇ ಎರಡು ತಿಂಗಳಿನಿಂದ ಕಾವಲು ಕಾಯುತ್ತಿದ್ದೆ. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅದಕ್ಕೆ ನನ್ನನ್ನು ನಾನು ಕ್ಷಮಿಸಿಕೊಳ್ಳಲು ಈಗಲೂ ಆಗಿಲ್ಲ. ಮಗಳು ಉಳಿಯುವುದಾದರೆ ಈ ಮುದುಕಿಯ ಎದೆಗೆ ಏನಾದರೂ ಆಗಲಿ ಎಂಬಷ್ಟು ದೂರ ನನ್ನ ಹೆದರಿಕೆ ಹೋಗಿತ್ತು. ಎಣ್ಣೆ ಹಚ್ಚಿದೆ. ಆ ನೆತ್ತಿಯಲ್ಲಿ ಕೂದಲು ಹಸುಗೂಸಿನ ತಲೆಯಲ್ಲಿದ್ದಷ್ಟೇ ಉಳಿದಿತ್ತು. ಕೈಯೊಳಗೆ ತಲೆ ನಡುಗುತ್ತಿತ್ತು. ಇಷ್ಟು ವರ್ಷ ಅವರ ಆ ನಿಯಮಗಳನ್ನೆಲ್ಲ ಅಧಿಕಾರ ಎಂದು ತಿಳಿದಿದ್ದೆ. ಅವು ಹೆದರಿಕೆ ಎಂದು ಆ ಹೊತ್ತು ಬೆರಳಿಗೆ ತಿಳಿಯಿತು.

ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ ಬಿಸಿನೀರು ಎರೆದೆ. ಕೆಮ್ಮಿದರು. ನಾನೂ ಒದ್ದೆ ಕೂದಲಿಗೇ ಎಣ್ಣೆ ಬಳಿದುಕೊಂಡು ಎರಡನೆಯ ಸಲ ಎರೆದುಕೊಂಡೆ. ಹೊರಬಂದು ಅತ್ತೆ ದೇವರಿಗೆ ಇನ್ನೊಂದು ದೀಪ ಹಚ್ಚಿದರು, ಬಾಗಿಲಿಗೆ ನಾಲ್ಕೆಳೆ ರಂಗೋಲಿ ಎಳೆದರು, ಕಡಲೆಬೇಳೆ ಬೇಯಲು ಇಡು, ಹೋಳಿಗೆ ಮಾಡೋಣ ಅಂದರು. ಹಬ್ಬ ಎಂದ ಮೇಲೆ ಪೂರ್ತಿ ಹಬ್ಬವೇ ಆಗಬೇಕು, ಅರೆಬರೆ ಮಾಡಿದರೆ ಮೇಲಿರುವವನಿಗೆ ಸಂಶಯ ಬರುತ್ತದೆ. ಕುಕ್ಕರಿನ ಸೀಟಿ ಎಣಿಸುತ್ತಾ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು.

ಹನ್ನೆರಡು ಹೊಡೆಯುವುದಕ್ಕೆ ಮೊದಲು ಫೋನು ಬಂತು. ಮೇಘಾ. ಬಸ್ಸನ್ನು ಲೋಣಾವಳಾದ ಈಚೆಗೇ ತಡೆದಿದ್ದರು, ನೆಟ್‌ವರ್ಕ್ ಇರಲಿಲ್ಲ, ಯಾವುದೋ ಹೋಟೆಲಿನಲ್ಲಿ ವಡಾಪಾವ್ ತಿನ್ನುತ್ತಿದ್ದೇವೆ, ವಾಪಸು ಬರುತ್ತೇವೆ ಅಂದಳು. ನನಗೆ ಎಲ್ಲಿದ್ದೀ ಎಂಬುದೊಂದೇ ಮಾತು ಬರುತ್ತಿತ್ತು. ಅವಳು ಹೇಳಿದ ಮೇಲೂ ಅದನ್ನೇ ಕೇಳಿದೆ. ಯಾಕೆ ಹೀಗೆ ಮಾತಾಡುತ್ತಿದ್ದೀ ಎಂದಳು. ನೆಗಡಿ ಅಂದೆ.

ಸಂಜೆ ಚಾಕಣದಿಂದ ಬಂದ ಗಂಡ, ಇವತ್ತು ಯಾವ ಹಬ್ಬ ಎಂದು ಕೇಳುತ್ತ ಮೂರು ಹೋಳಿಗೆ ತಿಂದರು. ನಾವಿಬ್ಬರೂ ಬಾಯಿ ಬಿಡಲಿಲ್ಲ. ಅತ್ತೆ ಹದಿನೈದು ದಿನ ಕೆಮ್ಮಿದರು. ಪ್ರತಿ ಕೆಮ್ಮಿಗೂ, ಮಗಳಿಗೆ ಬಂದದ್ದನ್ನು ಇವರ ಮೇಲೆ ಹಾಕಿದೆನೇನೋ ಎಂದು ದೇವರಲ್ಲಿ ಏನೇನೋ ಹರಕೆ ಹೊತ್ತೆ. ವಾಸಿಯಾದರು. ಮತ್ತೆ ಮೂರು ವರ್ಷ ಇದ್ದು, ಬೇರೆ ಯಾವುದೋ ಕಾಯಿಲೆಯಲ್ಲಿ ಹೋದರು. ಅವರನ್ನು ಎತ್ತಿಕೊಂಡು ಹೋದ ಮೇಲೆ ನಾನು ತಲೆಗೆ ನೀರು ಸುರಿದುಕೊಂಡಾಗ, ಇದಕ್ಕಾಗಿಯೇ ಇಷ್ಟು ವರ್ಷ ಕಾದಿಟ್ಟ ಸ್ನಾನ ಎಂದುಕೊಂಡು ಬಿಕ್ಕಿಬಿಕ್ಕಿ ಅತ್ತೆ.

ಒಂದನ್ನು ಮಾತ್ರ ನಿಶ್ಚಯ ಮಾಡಿದ್ದೆ. ಈ ಹೆದರಿಕೆ ನನ್ನ ತಲೆಯೊಂದಿಗೇ ಮುಗಿಯಬೇಕು, ಮೇಘಾಳಿಗೆ ದಾಟಬಾರದು. ಗುಂಗುರು ಕೂದಲು ದಾಟಿದೆ, ಅದು ನನ್ನ ಕೈಲಿರಲಿಲ್ಲ. ಇದು ಇತ್ತು. ಅವಳೀಗ ಇಪ್ಪತ್ತಾರರ ಹೆಣ್ಣು, ದಿನಾ ಬೆಳಿಗ್ಗೆ ಟೇಕಡಿ ಗುಡ್ಡ ಹತ್ತಿ ಓಡುತ್ತಾಳೆ, ಬಂದವಳೇ ತಲೆಗೆ ನೀರು ಬಿಟ್ಟುಕೊಳ್ಳುತ್ತಾಳೆ. ವಾರ ಕೇಳುವುದಿಲ್ಲ, ಅಮಾವಾಸ್ಯೆ ಕೇಳುವುದಿಲ್ಲ. ಆ ಬುಧವಾರದ ವಿಷಯ ಅವಳ ಮುಂದೆ ಒಂದಕ್ಷರ ಆಡಿರಲಿಲ್ಲ. ಅವಳು ಹಾಡು ಗುನುಗುತ್ತಾ ಬಚ್ಚಲಿಗೆ ಹೋಗುವುದನ್ನು ನೋಡಿ, ಗೆದ್ದೆ ಅಂದುಕೊಳ್ಳುತ್ತಿದ್ದೆ.

ಮೈಸೂರಿನ ಹುಡುಗಿ ಲಿಫ್ಟಿನಲ್ಲಿ ಕೇಳಿದ್ದಳಲ್ಲ, ಅದರ ಮರುವಾರ ನಾನು ವಿಜಯಪುರಕ್ಕೆ ತಮ್ಮನ ಮನೆಗೆ ಹೊರಟೆ. ಬೆಳಿಗ್ಗೆ ಆರಕ್ಕೆ ಬಸ್ಸು. ನಾನು ರಿಕ್ಷಾ ಹತ್ತುವಾಗ ಮೇಘಾ ಬೂಟು ಹಾಕಿಕೊಂಡು ಓಡಲು ಹೊರಟಿದ್ದಳು. ವಿಜಯಪುರದ ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ ಎರಡೂವರೆ. ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಮುಟ್ಟಿದಿ ಮಮ್ಮಿ? ಮನಿಗೆ ಹೊಂಟಿ? ಸರಿ, ಇಡ್ತೀನಿ, ತಲಿ ಎರಕೋಬೇಕು."

ಎರಡೂವರೆ ಗಂಟೆಗೆ. ಬೆಳಿಗ್ಗೆ ಓಡಿ ಬಂದವಳು, ಬೆವರು ತಲೆಯಲ್ಲಿ ಇಟ್ಟುಕೊಂಡೇ ಅಷ್ಟು ಹೊತ್ತು ಕೂತಿದ್ದಾಳೆ. ಬ್ಯಾಗು ಕೆಳಗಿಟ್ಟೆ. ಇಷ್ಟು ಹೊತ್ತು ಯಾಕೆ ಎರೆದುಕೊಳ್ಳಲಿಲ್ಲ, ಯಾರು ಹೇಳಿಕೊಟ್ಟರು ನಿನಗೆ ಎಂದು ಕೇಳಿದೆ.

"ಅವತ್ತು ಲೋಣಾವಳಾದಿಂದ ಫೋನ್ ಮಾಡಿದ್ನಲ್ಲ, ನಿನ್ನ ದನಿ ಕೇಳಿದ್ದೆ. ಬಂದಮ್ಯಾಲೆ ಅಜ್ಜೀನ ಕೇಳಿದೆ. ನಿನಗ ಹೇಳಬ್ಯಾಡ ಅಂದಿದ್ಲು." ಆಮೇಲೆ ಇನ್ನೂ ಮೆಲ್ಲಗೆ, "ನೀ ಊರಿಗೆ ಹೋದಾಗಷ್ಟ ಮಮ್ಮಿ. ಬಾಕಿದವ್ರು ಯಾರು ಹೋದ್ರೂ ನಾ ಏನೂ ನೋಡಂಗಿಲ್ಲ," ಅಂದಳು.

ಹೆದರಬೇಡ ಎಂದು ಹೇಳುವ ಹಕ್ಕು ನನಗಿರಲಿಲ್ಲ. ಸ್ಟ್ಯಾಂಡಿನ ಗದ್ದಲದಲ್ಲಿ ಒಂದು ಕಂಬಕ್ಕೆ ಆತು ನಿಂತು, ನಾನು ಆರಾಮ ಇದ್ದೀನಿ, ಹೋಗು, ಎರಕೋ ಅಂದೆ. ಈ ಸಲ ದನಿ ನಡುಗದಂತೆ ನೋಡಿಕೊಂಡೆ. ಇಡ್ತೀನಿ ಅಂದವಳು ಇಡುವುದನ್ನು ಮರೆತು ಫೋನನ್ನು ಬಚ್ಚಲಿಗೇ ಒಯ್ದಿದ್ದಳು. ಬಚ್ಚಲಿನ ಬಾಗಿಲು ಹಾಕಿಕೊಂಡ ಸದ್ದು, ಬಕೆಟ್ಟಿಗೆ ನೀರು ಬೀಳುವ ಸದ್ದು, ಆಮೇಲೆ ಮೊದಲ ತಂಬಿಗೆ ಅವಳ ತಲೆಯ ಮೇಲೆ ಬಿದ್ದ ಸದ್ದು, ಎಲ್ಲವನ್ನೂ ಕೇಳಿಸಿಕೊಂಡು ನಾನೇ ಫೋನು ಇಟ್ಟೆ.