ದೊಗಳೆಯಮ್ಮ ಗಿಡ ಕದಿಯಲು ಹೋದದ್ದು

ಬೀದಿಯವರೆಲ್ಲ ಅವಳನ್ನು ದೊಗಳೆಯಮ್ಮ ಅಂತಲೇ ಕರೆಯುವುದು. ಮೂವತ್ತು ವರ್ಷದಿಂದ ಶಾಲಾಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ, ಎಲ್ಲವನ್ನೂ ಎರಡು ಅಳತೆ ದೊಡ್ಡದಾಗಿಯೇ. ಯಾರಾದರೂ ಗೊಣಗಿದರೆ, "ಬೆಳೆಯೋ ಮಗು ಕಣ್ರೀ, ಇವತ್ತು ದೊಗಳೆ, ಬರೋ ವರ್ಷ ಸರಿಹೋಗುತ್ತೆ" ಅಂತ ಬಾಯಿ ಮುಚ್ಚಿಸುತ್ತಾಳೆ. ಗಂಡನ ಅಂಗಿಗೂ ಇದೇ ನ್ಯಾಯ. ಐವತ್ತೆಂಟರ ಆ ಮನುಷ್ಯ ಇನ್ನು ಎತ್ತ ಬೆಳೆಯಬೇಕೋ ದೇವರೇ ಬಲ್ಲ.

ಇಂಥವಳ ಕೈಗೆ ಸಿಕ್ಕಿತು ಅತ್ತೆಯ ಮನಿ ಪ್ಲಾಂಟು. ಅತ್ತೆ ತೀರಿಕೊಂಡಾಗ ಅದನ್ನು ಬೇರುಸಮೇತ ಪಾಲು ಮಾಡಿದ್ದು ಇವಳೇ. ದೊಡ್ಡ ಭಾಗ ತಾನಿಟ್ಟುಕೊಂಡು, ಮೂರೆಲೆಯ ಚೂರೊಂದನ್ನು ನಾದಿನಿಯ ಕೈಗಿಟ್ಟಳು. "ನಮ್ಮಮ್ಮನ ಗಿಡದಲ್ಲಿ ನನಗೆ ಇಷ್ಟೇನಾ?" ಅಂದ ನಾದಿನಿ ಆರು ವರ್ಷ ಈ ಮನೆಯ ಮೆಟ್ಟಿಲು ತುಳಿಯಲಿಲ್ಲ. ಇವಳೂ ಬಗ್ಗಲಿಲ್ಲ. ಇರುವುದು ಎರಡೇ ಬೀದಿ ದೂರ. ಎದುರಾದರೆ ಇಬ್ಬರೂ ಅಂಗಡಿಗಳ ಬೋರ್ಡು ಓದುತ್ತಾ ಹೋಗುತ್ತಿದ್ದರು.

ಹೋದ ತಿಂಗಳು ಗಿಡದ ಬೇರು ಕುಂಡದ ತೂತಿನಿಂದ ಹೊರಗೆ ಬಂತು. ಒಂದಂಗುಲ ದೊಡ್ಡ ಕುಂಡ ಸಾಕಿತ್ತು. ದೊಗಳೆಯಮ್ಮ ಕೇಳಬೇಕಲ್ಲ! ನೀರಿನ ಡ್ರಮ್ಮನ್ನೇ ಅರ್ಧಕ್ಕೆ ಕೊಯ್ಯಿಸಿ, ಮಣ್ಣು ತುಂಬಿ, ನಟ್ಟನಡುವೆ ಗಿಡ ನೆಟ್ಟು, ದಿನಾ ಎರಡು ತಂಬಿಗೆ ನೀರು ಸುರಿದಳು. ಅಷ್ಟು ನೀರು ಕುಡಿಯಲು ಆ ಬೇರಿಗೆಲ್ಲಿ ತಾಕತ್ತು? ಇಪ್ಪತ್ತು ದಿನಕ್ಕೆ ಬುಡ ಕೊಳೆತು ನಾರಿತು. ಒಂದು ಗೆಣ್ಣೂ ಉಳಿಯಲಿಲ್ಲ.

ಡ್ರಮ್ಮಿನ ಪಕ್ಕ ಕೂತು ಗೋಳೋ ಅಂತ ಅತ್ತಳು. ಹೊಲಿಗೆ ಕಲಿಸಿದ್ದು, ಮೊದಲ ಮಿಷನ್ನು ಕೊಡಿಸಿದ್ದು ಆ ಅತ್ತೆಯೇ. ಅವರದು ಅಂತ ಮನೆಯಲ್ಲಿ ಜೀವ ಇದ್ದದ್ದು ಇದೊಂದೇ.

"ನನ್ನ ತಂಗಿ ಹತ್ರ ಒಂದು ತುಂಡು ಕೇಳು" ಅಂದ ಗಂಡ.

"ಪ್ರಾಣ ಹೋದ್ರೂ ಕೇಳಲ್ಲ. ಕದೀತೀನಿ. ಅತ್ತೆಯವರೇ ಹೇಳ್ತಿರಲಿಲ್ವಾ, ಕೊಟ್ಟ ಗಿಡ ಹತ್ತಲ್ಲ, ಕದ್ದ ಗಿಡ ಸಾಯಲ್ಲ ಅಂತ?"

ಮಾರನೆಯ ದಿನ ಚೀಲಕ್ಕೆ ಕತ್ತರಿ ಹಾಕಿಕೊಂಡು ಹೋಗಿ ನಾದಿನಿಯ ಬಾಗಿಲು ತಟ್ಟಿದಳು. "ಹೀಗೇ ಬಂದೆ" ಅಂದಳು. "ಬನ್ನಿ" ಅಂದಳು ನಾದಿನಿ, ಅತ್ತಿಗೆ ಅನ್ನಲಿಲ್ಲ. ಆ ಮೂರೆಲೆಯ ಚೂರು ಕಿಟಕಿಯ ಸರಳುಗಳನ್ನೆಲ್ಲ ಹತ್ತಿ ಪರದೆ ಕಟ್ಟಿತ್ತು. ನೋಡಿ ದೊಗಳೆಯಮ್ಮನಿಗೆ ಹೊಟ್ಟೆಯೂ ಉರಿಯಿತು, ಕಣ್ಣೂ ತುಂಬಿತು.

ನಾದಿನಿ ಎದುರಿಗೇ ಕೂತಳು. ಸೆಖೆಯ ಮಾತಾಯಿತು, ಮೊಣಕಾಲು ನೋವಿನ ಮಾತಾಯಿತು, ಏಳುವ ಲಕ್ಷಣವೇ ಇಲ್ಲ. ಕೊನೆಗೆ, "ಅಮ್ಮನ ಗಿಡ ಹೇಗಿದೆ?" ಅಂದಳು.

"ಚೆನ್ನಾಗಿದೆ" ಅಂದು ದೊಗಳೆಯಮ್ಮ ಗೋಡೆಯ ಕ್ಯಾಲೆಂಡರು ಓದತೊಡಗಿದಳು.

ನಾದಿನಿ ಅವಳ ಮುಖವನ್ನೊಮ್ಮೆ, ಚೀಲದಿಂದ ಇಣುಕುತ್ತಿದ್ದ ಕತ್ತರಿಯ ಹಿಡಿಯನ್ನೊಮ್ಮೆ ನೋಡಿ, ಟೀ ಮಾಡ್ತೀನಿ ಅಂತ ಎದ್ದು ಹೋದಳು.

ಒಳಗೆ ಪಾತ್ರೆಗಳ ಸದ್ದೋ ಸದ್ದು. ಎರಡು ಲೋಟ ಟೀಗೆ ಮದುವೆಮನೆ ಅಡುಗೆಯಷ್ಟು ಗದ್ದಲ. ದೊಗಳೆಯಮ್ಮ ಬೆಕ್ಕಿನ ಹೆಜ್ಜೆಯಲ್ಲಿ ಕಿಟಕಿಗೆ ಹೋಗಿ ಬಳ್ಳಿ ಹಿಡಿದಳು. ಇಷ್ಟು ವರ್ಷ ಬಟ್ಟೆ ಕತ್ತರಿಸಿದವಳಿಗೆ ಇವತ್ತು ಎಲ್ಲಿ ಕತ್ತರಿ ಇಡಬೇಕೆಂದೇ ತಿಳಿಯಲಿಲ್ಲ.

"ಗೆಣ್ಣಿನ ಕೆಳಗೆ ಕತ್ತರಿಸಿ ಅತ್ತಿಗೆ, ಬೇರು ಬರೋದು ಅಲ್ಲಿಂದಲೇ" ಅಂತ ಅಡುಗೆಮನೆಯಿಂದ ದನಿ ಬಂತು. "ನಾನಾಗಿ ಕೊಟ್ರೆ ಹತ್ತಲ್ಲವಲ್ಲ. ಬೇಗ ಕದ್ದು ಮುಗಿಸಿ, ಇಲ್ಲಿ ಟೀ ಆರಿಹೋಗ್ತಿದೆ."